ಲೈಟು ಕೆಟ್ರೆ ಹಾರಬಹುದು, ಪೆಟ್ರೋಲ್ ಮುಳ್ಳು ಕೆಟ್ರೆ ಇಲ್ಲ

ನಮ್ಮನೆ ಬೈಕಿನ ಪೆಟ್ರೋಲ್ ಮೀಟರ್ ಕೆಟ್ಟು ಎಷ್ಟು ವರ್ಷ ಆಯ್ತೋ. ಗಾಡಿ ಅಲ್ಲಾಡ್ಸಿ, ಗುಳುಗುಳು ಕೇಳಿದ್ರೆ ಸೈ, ಶಿರಸಿಯಿಂದ ದೇವಿಮನೆ ಘಾಟಿ ಇಳ್ದು ಕುಮಟಾ ಮುಟ್ಟಿಬಿಡೋದು. ಇದೇ ಬುದ್ಧಿ ಕಟ್ಕೊಂಡು ನಾನು ಅಮೆರಿಕಕ್ಕೆ ಪೈಲಟ್ ಟ್ರೇನಿಂಗಿಗೆ ಹೋದೋನು.

ಒಂದಿನ ಬೆಳಿಗ್ಗೆ ಸೆಸ್ನಾ 172 ಅನ್ನೋ ಸಣ್ಣ ವಿಮಾನ ಚೆಕ್ ಮಾಡ್ತಾ ಇದ್ದೆ, ಲ್ಯಾಂಡಿಂಗ್ ಲೈಟ್ ಹತ್ತಲೇ ಇಲ್ಲ. ಮುಗೀತು ಇವತ್ತಿಂದು ಅಂದ್ಕಂಡು ಬ್ಯಾಗ್ ಎತ್ತಿದೆ. ಇನ್‌ಸ್ಟ್ರಕ್ಟರ್ ಬಿಡ್ಲಿಲ್ಲ, ಪುಸ್ತಕ ತೆಗಿ ಅಂದ್ರು. ಆ ವಿಮಾನಕ್ಕೆ ಎಂಇಎಲ್ ಅಂತ, ಅಂದ್ರೆ ಏನೇನು ಕೆಟ್ರೂ ಹಾರಬಹುದು ಅಂತ ಹೇಳೋ, ಬೇರೆ ಪಟ್ಟಿ ಇರಲಿಲ್ಲ, ಹಂಗಿದ್ರೆ ಅಮೆರಿಕದ ವಿಮಾನ ಕಾನೂನಿನ 91.213 ನಿಯಮದ ಪ್ರಕಾರ ಒಂದೊಂದೇ ನೋಡ್ಕೊಂಡು ಹೋಗ್ಬೇಕು: ವಿಮಾನಕ್ಕೆ ಸರ್ಟಿಫಿಕೇಟ್ ಕೊಡುವಾಗ ಹಗಲು ಹಾರಾಟಕ್ಕೆ ಅದು ಬೇಕೇ ಅಂತ ಹೇಳಿದಾರಾ, ಮ್ಯಾನ್ಯುಯಲ್ಲಿನ ಸಾಮಾನು ಪಟ್ಟಿಲಿ ಅದ್ರ ಮುಂದೆ ಕಡ್ಡಾಯ ಅನ್ನೋ 'ಆರ್' ಇದ್ಯಾ, ಇರಲೇಬೇಕಾದ ಸಾಮಾನು ಹೇಳೋ 91.205ರಲ್ಲೋ ಬೇರೆ ನಿಯಮದಲ್ಲೋ ಬರುತ್ತಾ, ಯಾವ್ದಾದ್ರೂ ಏರ್‌ವರ್ದಿನೆಸ್ ಡೈರೆಕ್ಟಿವ್ (ಸುರಕ್ಷತೆಗೆ ಸರ್ಕಾರ ಹೊರಡಿಸೋ ಕಡ್ಡಾಯ ಆದೇಶ) ಕೇಳುತ್ತಾ. ಎಲ್ಲಾ ಕಡೆ ಇಲ್ಲ. ಲ್ಯಾಂಡಿಂಗ್ ಲೈಟು ರಾತ್ರಿಗೆ, ಅದೂ ದುಡ್ಡು ತಗೊಂಡು ಹಾರಿಸೋದಾದ್ರೆ ಮಾತ್ರ ಕಡ್ಡಾಯವಂತೆ. ಹಂಗಂತ ಸುಮ್ನೆ ಹತ್ತಿ ಕೂತ್ಕಳಂಗಿಲ್ಲ. ಮೆಕ್ಯಾನಿಕ್ ಬಂದು ಅದನ್ನ ಬಂದ್ ಮಾಡಿ, ಲಾಗ್‌ಬುಕ್ಕಲ್ಲಿ ಬರ್ದು ಸಹಿ ಹಾಕಿ, ಸ್ವಿಚ್ ಪಕ್ಕ 'ಇನಾಪರೇಟಿವ್' ಅಂತ ಬೆರಳಷ್ಟು ಚೀಟಿ ಅಂಟಿಸಿದ್ರು. ಆ ಚೀಟಿ ಇಲ್ದೆ ಹಾರಿದ್ರೆ ಅದೇ ತಪ್ಪು.

ಮುಂದಿನ ವಾರ ಬಲಗಡೆ ರೆಕ್ಕೆ ಟ್ಯಾಂಕಿನ ಪೆಟ್ರೋಲ್ ಮುಳ್ಳು ಸೊನ್ನೆಲಿ ಮಲ್ಗಿತ್ತು. ಏಣಿ ಹತ್ತಿ, ಮುಚ್ಚಳ ತೆಗ್ದು ಕಡ್ಡಿ ಇಳಿಸಿದೆ, ಬಾಯಿತನಕ ವಿಮಾನದ ನೀಲಿ ಪೆಟ್ರೋಲು! ಕಣ್ಣಾರೆ ಕಂಡಿದೀನಲ್ಲ, ಒಂದು ಚೀಟಿ ಅಂಟಿಸಿ ಹೋಗಣ ಅಂದೆ. ಇನ್‌ಸ್ಟ್ರಕ್ಟರ್ ನಕ್ಕು 91.205 ಮತ್ತೆ ಓದಿಸಿದ್ರು. ಸ್ಪೀಡ್ ಮೀಟರ್, ಆಲ್ಟಿಮೀಟರ್, ಕಂಪಾಸ್, ಆಯಿಲ್ ಪ್ರೆಶರ್, ಆಯಿಲ್ ಟೆಂಪರೇಚರ್ ಇವೆಲ್ಲದ್ರ ಜೊತೆ ಸ್ಪಷ್ಟವಾಗಿ ಬರ್ದಿದೆ, ಪ್ರತಿ ಟ್ಯಾಂಕಿಗೂ ಒಂದು ಪೆಟ್ರೋಲ್ ಗೇಜು. ಕಡ್ಡಿ ಹೇಳೋದು ನೆಲದ ಮೇಲಿನ ಲೆಕ್ಕ, ಮುಚ್ಚಳ ಸಡ್ಲಾಗಿ ಮೇಲೆ ಹೋದ್ಮೇಲೆ ಸೋರಿದ್ರೆ ಯಾರು ಹೇಳ್ತಾರೆ ಮಾರಾಯ ಅಂತ ಆಮೇಲೆ ನಂಗೇ ಹೊಳೀತು.

ಎರಡು ದಿನ ವಿಮಾನ ಅಲ್ಲೇ. ರೆಕ್ಕೆ ಒಳಗೆ ಪೆಟ್ರೋಲ್ ಮಟ್ಟ ಅಳೆದು ಮುಳ್ಳಿಗೆ ತಿಳಿಸೋ ಸೆಂಡರ್ ಬದಲಾಯಿಸಿದ್ಮೇಲೆ ಮುಳ್ಳು ಎದ್ದು ನಿಂತಿತು.

ಊರಿಗೆ ಬಂದವನೇ ಬೈಕಿನ ಮೀಟರ್ ರಿಪೇರಿಗೆ ಕೊಡ್ತೀನಿ ಅಂದೆ. ಅಪ್ಪಯ್ಯ ಕವಳದ ಬಟ್ಟಲಿಂದ ತಲೆ ಎತ್ತದೇ, "ಎಂತೂ ಆಗ್ತಿಲ್ಲೆ, ಅಲ್ಲಾಡ್ಸಿ ನೋಡ್ಕ್ಯಂಡು ಹೋಗು" ಅಂದ.