ರಾತ್ರಿ ಶಾಲೆಯ ವರ್ಷದ ಸುದ್ದಿ: ನಾನು ಸಂಗ್ರಹಿಸಿದ ಬಗೆ

ಮುಂಬಯಿಯ ಫೋರ್ಟ್ ಭಾಗದ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಓದಿದೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅಲ್ಲಿಯೇ ಸಂಜೆ ಕನ್ನಡ ಕಲಿಸಿದೆ. ಗಂಡುಹುಡುಗರ ಶಾಲೆ ಎಂದು ಎಲ್ಲಿಯೂ ಬರೆದಿರಲಿಲ್ಲ, ಆದರೆ ಬರುತ್ತಿದ್ದವರೆಲ್ಲ ಹುಡುಗರೇ. ಕುಂದಾಪುರ, ಕಾರ್ಕಳ, ಮೂಲ್ಕಿ, ಬಂಟ್ವಾಳದ ಕಡೆಯಿಂದ ಬಂದು ಹಗಲಿಗೆ ಹೋಟೆಲುಗಳಲ್ಲಿ ಮಾಣಿಗಳಾಗಿ, ಕ್ಯಾಂಟೀನುಗಳಲ್ಲಿ ಚಹಾ ಒಯ್ಯುವವರಾಗಿ ದುಡಿದು, ಸಂಜೆ ಆರೂವರೆಗೆ ಅಂಗಿ ಬದಲಿಸಿ ಬೆಂಚಿನಲ್ಲಿ ಕುಳಿತುಕೊಳ್ಳುವ ಹುಡುಗರು. ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅಂಥ ಹೋಟೆಲುಗಳು ಹೆಚ್ಚಿದಂತೆ ಊರಿನಿಂದ ಬರುವ ಹುಡುಗರೂ ಹೆಚ್ಚಿದರು. ಅವರಲ್ಲಿ ಓದುವ ಹಂಬಲ ಇದ್ದವರಿಗೆ ರಾತ್ರಿ ಶಾಲೆಯೊಂದೇ ದಾರಿಯಾಗಿತ್ತು.

ಈ ಶಾಲೆಯ ‘ವರ್ಷದ ಸುದ್ದಿ’ ಎಂಬ ಚಿಕ್ಕ ಪುಸ್ತಿಕೆಯನ್ನು ಎಂಬತ್ತರ ದಶಕದ ಆರಂಭದಿಂದ ನಾನು ಸಿದ್ಧಪಡಿಸುತ್ತ ಬಂದೆ. ಮೊದಲರ್ಧದಲ್ಲಿ ಶಾಲೆಯ ಚಟುವಟಿಕೆ, ಉಳಿದರ್ಧದಲ್ಲಿ ಹಳೆ ವಿದ್ಯಾರ್ಥಿಗಳ ಸುದ್ದಿ. ಬೇರೆ ಸಂಘಗಳವರು, ಬೇರೆ ಶಾಲೆಗಳ ಹಳಬರು ‘ಇಷ್ಟು ಜನರನ್ನು ಎಲ್ಲಿಂದ ಹುಡುಕಿದಿರಿ’ ಎಂದು ಆಗಾಗ ಕೇಳುತ್ತಾರೆ. ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತೇನೆ.

ಚಟುವಟಿಕೆಯ ಭಾಗ ಸುಲಭ. ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಒಂದು ಉದ್ದನೆಯ ನೋಟುಪುಸ್ತಕ ಇಟ್ಟೆ. ಆಯಾ ದಿನ ನಡೆದದ್ದನ್ನು ಆ ದಿನವೇ ಯಾರಾದರೂ ಎರಡು ಸಾಲು ಬರೆಯಬೇಕು, ಕೆಳಗೆ ಸಹಿ ಹಾಕಬೇಕು. ಮಾರ್ಚ್‌ನಲ್ಲಿ ಕುಳಿತು ನೆನಪು ಮಾಡಿಕೊಂಡು ಬರೆದರೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ಹಾರ ತುರಾಯಿ ಇಷ್ಟೇ ಕೈಗೆ ಸಿಗುತ್ತವೆ. ಶಾರದಾ ಪೂಜೆಯ ದಿನ ಪೆಟ್ರೋಮ್ಯಾಕ್ಸ್ ಹೊತ್ತಿಸಿದವನು ಯಾರು, ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಸೀರೆ ಕೊಟ್ಟ ಮನೆ ಯಾವುದು, ತಾಳಮದ್ದಳೆಯಲ್ಲಿ ಎಂಟನೆಯ ತರಗತಿಯ ಹುಡುಗ ಯಾವ ಪ್ರಸಂಗಕ್ಕೆ ಅರ್ಥ ಹೇಳಿದ ಎಂಬುದೆಲ್ಲ ಆ ಹೊತ್ತಿಗೆ ಹಾರಿಹೋಗಿರುತ್ತದೆ. ಅತಿಥಿಗಳಿಗೆ ತಲಾ ಒಂದು ಸಾಲು, ಹುಡುಗರಿಗೆ ಉಳಿದ ಪುಟ ಎಂಬ ನಿಯಮವನ್ನು ನಾನು ಎಂದೂ ಸಡಿಲಿಸಲಿಲ್ಲ. ಇದರಿಂದ ಕೆಲವು ದಾನಿಗಳಿಗೆ ಬೇಸರವಾದದ್ದೂ ಉಂಟು.

ರಾತ್ರಿ ಶಾಲೆಯ ವರ್ಷ ಹಗಲು ಶಾಲೆಯ ವರ್ಷದಂತಲ್ಲ. ಜೂನ್‌ನಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯ) ಕನ್ನಡ ಮಾಧ್ಯಮದ ಪುಸ್ತಕ ಹಂಚುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ರೈಲು ನಿಂತ ದಿನ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ದೀಪಾವಳಿಯಲ್ಲಿ ಬೇರೆ ಮಕ್ಕಳಿಗೆ ರಜೆ ಇದ್ದರೆ, ನಮ್ಮವರಿಗೆ ಹೋಟೆಲಿನಲ್ಲಿ ಕೆಲಸ ಇಮ್ಮಡಿಯಾಗುತ್ತದೆ. ಮಾರ್ಚ್‌ನ ಎಸ್.ಎಸ್.ಸಿ. (ಮಹಾರಾಷ್ಟ್ರದ ಹೈಸ್ಕೂಲಿನ ಕೊನೆಯ ಪರೀಕ್ಷೆ) ಪ್ರಶ್ನೆಪತ್ರಿಕೆ ಮಾತ್ರ ಹಗಲು ಶಾಲೆಯವರದೇ, ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹಾಗಾಗಿ ಹುಡುಗನ ಓದು ನಿಲ್ಲುವುದು, ಸಾಗುವುದು ಅವನ ಯಜಮಾನರು ಸಂಜೆ ಆರಕ್ಕೆ ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಇದನ್ನು ಯೋಚಿಸಿ, ಪುಸ್ತಿಕೆಯ ಎರಡನೆಯ ಪುಟದಲ್ಲಿ ‘ಈ ವರ್ಷ ಹುಡುಗರನ್ನು ಆರು ಗಂಟೆಗೆ ಬಿಟ್ಟ ಹೋಟೆಲುಗಳು’ ಎಂಬ ಪಟ್ಟಿ ಹಾಕಲು ಶುರುಮಾಡಿದೆ. ಬಿಡದವರ ಹೆಸರು ಎತ್ತಲಿಲ್ಲ, ಟೀಕೆ ಬರೆಯಲಿಲ್ಲ. ಮರುವರ್ಷ ಪಟ್ಟಿಯಲ್ಲಿಲ್ಲದ ಯಜಮಾನರೊಬ್ಬರು ತಾವೇ ಶಾಲೆಗೆ ಬಂದು, ‘ನಮ್ಮ ಹುಡುಗನನ್ನೂ ಕಳುಹಿಸುತ್ತೇನೆ, ಹೆಸರು ಸೇರಿಸಿಕೊಳ್ಳಿ’ ಎಂದರು. ನಾನು ಮುದ್ರಿಸಿದ ಪುಟಗಳಲ್ಲೆಲ್ಲ ಅತ್ಯಂತ ಉಪಯೋಗಕ್ಕೆ ಬಂದ ಪುಟ ಇದು ಎಂದು ಈಗಲೂ ನಂಬಿದ್ದೇನೆ.

ಪ್ರವಾಸದ ಸುದ್ದಿಯನ್ನು ಹುಡುಗರಿಂದಲೇ ಬರೆಸುತ್ತಿದ್ದೆ. ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಗೆ, ಅಂದರೆ ಎಲಿಫೆಂಟಾ ಗುಹೆಗಳಿಗೆ, ಹೋಗಿಬಂದಾಗ, ತ್ರಿಮೂರ್ತಿಯ ಬಗ್ಗೆ ಬರೆದವರು ಕಡಿಮೆ. ಮೀನುಗಾರರ ಮನೆಯ ಹುಡುಗರೆಲ್ಲ ದೋಣಿಯ ಎಂಜಿನ್ ಬಗ್ಗೆಯೇ ಬರೆದಿದ್ದರು. ಅದನ್ನೇ ಹಾಕಿದೆ. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿಯ ಸೆಮಿಫೈನಲ್ ನಡೆದು, ಶಾರದಾಶ್ರಮ ಶಾಲೆಯ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ 664 ರನ್ನುಗಳ ಮುರಿಯದ ಜೊತೆಯಾಟ ಆಡಿದರಷ್ಟೆ. ಆ ಮೈದಾನ ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಚಹಾದ ಕಿಟ್ಲಿ ಹಿಡಿದು ಆ ಕಡೆ ಹೋದವನು ಸ್ವಲ್ಪ ಹೊತ್ತು ನಿಂತು ನೋಡಿದ್ದನಂತೆ. ‘ಚೆಂಡು ತರಲು ಓಡುವವರನ್ನು ನೋಡಿ ಪಾಪ ಎನಿಸಿತು’ ಎಂದು ಬರೆದುಕೊಟ್ಟ. ಕ್ರೀಡಾ ವಿಭಾಗದಲ್ಲಿ ನಮ್ಮ ಕಬಡ್ಡಿ ಪಂದ್ಯದ ಕೆಳಗೆ ಅದಕ್ಕೂ ಜಾಗ ಕೊಟ್ಟೆ.

ಇನ್ನು ಹಳೆ ವಿದ್ಯಾರ್ಥಿಗಳು. ಇಲ್ಲಿಯೇ ನನ್ನ ಹೆಚ್ಚಿನ ಶ್ರಮ ಹೋದದ್ದು.

ಸಾಮಾನ್ಯವಾಗಿ ಇಂಥ ಪುಸ್ತಿಕೆಗಳಲ್ಲಿ ಹೋಟೆಲ್ ಮಾಲೀಕರಾದವರು, ವಕೀಲರಾದವರು, ಬ್ಯಾಂಕಿನಲ್ಲಿ ಮ್ಯಾನೇಜರರಾದವರು ಬರುತ್ತಾರೆ. ಅವರ ಸುದ್ದಿ ತಾನಾಗಿಯೇ ಬರುತ್ತದೆ, ಜೊತೆಗೆ ಫೋಟೋವೂ ಬರುತ್ತದೆ. ಉಳಿದವರನ್ನು ಹುಡುಕಲು ನಾನು ಶಾಲೆಯ ಜನರಲ್ ರಿಜಿಸ್ಟರ್ ಹಿಡಿದೆ. ದಪ್ಪ ರಟ್ಟಿನ, ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ. ಮಹಾರಾಷ್ಟ್ರದ ರೂಢಿಯಂತೆ ಮೊದಲು ಅಡ್ಡಹೆಸರು, ನಂತರ ಹುಡುಗನ ಹೆಸರು, ಆಮೇಲೆ ತಂದೆಯ ಹೆಸರು. ಮುಂದೆ ಜನ್ಮಸ್ಥಳ, ಅಂಕಿಯಲ್ಲೂ ಅಕ್ಷರದಲ್ಲೂ ಹುಟ್ಟಿದ ತಾರೀಕು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಎಲ್ಲರೂ ನೋಡುವುದು ಪಾಸಾದವರ ಪಟ್ಟಿಯನ್ನು. ನಾನು ‘ಬಿಟ್ಟ ಕಾರಣ’ ಎಂಬ ಅಂಕಣದಿಂದ ಆರಂಭಿಸಿದೆ. ಪುಟದ ನಂತರ ಪುಟ ‘ಸತತ ಗೈರುಹಾಜರಿ’. ನಡುವೆ ಅಲ್ಲಲ್ಲಿ ‘ಊರಿಗೆ ಹೋದ’, ‘ಹೋಟೆಲ್ ಬದಲಾಯಿತು’, ‘ತಂದೆ ತೀರಿಕೊಂಡರು’. ಒಂದು ಕಡೆ ನೀಲಿ ಶಾಯಿಯಲ್ಲಿ ‘ಕಣ್ಣು ನೋವು’ ಎಂದಷ್ಟೇ ಇತ್ತು. ಏಳನೆಯ ತರಗತಿಯಲ್ಲಿ ಬಿಟ್ಟವನೂ ಹಳೆ ವಿದ್ಯಾರ್ಥಿಯೇ. ಅವನ ಸುದ್ದಿ ಇಲ್ಲದ ಪುಸ್ತಿಕೆ ನಮ್ಮ ಶಾಲೆಯದು ಎನಿಸಿಕೊಳ್ಳುವುದಿಲ್ಲ ಎಂದು ನಾನು ಸಂಘದ ಸಭೆಯಲ್ಲಿ ಹಟ ಹಿಡಿದೆ.

ಹುಡುಕುವ ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕು. ಊಟದ ಗಿರಾಕಿಗಳು ಹೋಗಿ, ಸಂಜೆಯ ಚಹಾದವರು ಬರುವ ಮೊದಲು ಹೋಟೆಲಿನವರಿಗೆ ಮಾತನಾಡಲು ಸಿಗುವ ಬಿಡುವು ಅದೊಂದೇ. ಶನಿವಾರ ಬ್ಯಾಂಕು ಅರ್ಧ ದಿನ ಇದ್ದದ್ದು ಅನುಕೂಲವಾಯಿತು. ಗಲ್ಲಾದ ಮೇಲೆ ಕುಳಿತ ಹಳೆಯ ಹುಡುಗನೊಬ್ಬ ಸಿಕ್ಕಿದರೆ ‘ನಿಮ್ಮ ತರಗತಿಯಲ್ಲಿ ಯಾರ್‍ಯಾರಿದ್ದರು’ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೇಳುವುದು ಆಗಲೇ ಹೆಸರು ಮಾಡಿದ ಇಬ್ಬರು ಮೂವರನ್ನೇ. ‘ನಿನ್ನ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವನು ಯಾರು?’ ಎಂದು ಕೇಳುತ್ತಿದ್ದೆ. ಆಗ ಮುಖ ಬದಲಾಗುತ್ತಿತ್ತು. ‘ಮಾಸ್ಟ್ರೇ, ಅವನು ಈಗ ಭಾಂಡುಪಿನಲ್ಲಿದ್ದಾನೆ, ರಿಕ್ಷಾ ಓಡಿಸುತ್ತಾನೆ, ಮಗಳು ನರ್ಸ್ ಆಗಿದ್ದಾಳೆ’ ಎಂಬ ಉತ್ತರ ಬರುತ್ತಿತ್ತು. ಭಾಂಡುಪಿನವನನ್ನು ಹುಡುಕಿಕೊಂಡು ಹೋದರೆ ಅವನು ಅವನ ಮುಂದಿನ ಬೆಂಚಿನವನ ವಿಳಾಸ ಕೊಡುತ್ತಿದ್ದ.

ಊರಿಗೆ ಮರಳಿದವರಿಗೆ ಜವಾಬಿ ಕಾರ್ಡ್ (ಉತ್ತರದ ಕಾರ್ಡೂ ಕೂಡಿಕೊಂಡಿರುವ ಅಂಚೆ ಕಾರ್ಡು) ಹಾಕುತ್ತಿದ್ದೆ. ಉತ್ತರಕ್ಕೆ ಅವರು ಪೈಸೆ ಖರ್ಚು ಮಾಡಬೇಕಿಲ್ಲ, ಕಾರ್ಡು ಹುಡುಕಬೇಕಿಲ್ಲ. ಹಳೆಯ ರಿಜಿಸ್ಟರಿನಲ್ಲಿ ಊರು, ತಾಲೂಕು ಇರುತ್ತವೆ, ಪಿನ್‌ಕೋಡ್ ಇರುವುದಿಲ್ಲ. ಅದು ಬಂದದ್ದೇ 1972ರಲ್ಲಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲೆ ‘ದಕ್ಷಿಣ ಕನ್ನಡ’ ಎಂದಿದ್ದ ವಿಳಾಸಗಳನ್ನೆಲ್ಲ ತಾಲೂಕು ನೋಡಿ ಮತ್ತೆ ವಿಂಗಡಿಸಬೇಕಾಯಿತು. ಕಾರ್ಡಿನಲ್ಲಿ ಮೂರೇ ಪ್ರಶ್ನೆ: ಈಗ ಏನು ಮಾಡುತ್ತಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಶಾಲೆಯ ಯಾರ ಸುದ್ದಿ ಬೇಕು? ಮೂರನೆಯ ಪ್ರಶ್ನೆಗೆ ಉತ್ತರ ಬರೆಯದವರು ಬಹಳ ಕಡಿಮೆ. ಮುಂದಿನ ವರ್ಷ ಯಾರನ್ನು ಹುಡುಕಬೇಕೆಂಬ ಪಟ್ಟಿ ನನಗೆ ಅಲ್ಲಿಂದಲೇ ಸಿಗುತ್ತಿತ್ತು.

ಕಷ್ಟದ ಸುದ್ದಿಯನ್ನು ಹೇಗೆ ಹಾಕುವುದು ಎಂಬುದು ಮೊದಲ ವರ್ಷಗಳಲ್ಲೇ ಎದುರಾಯಿತು. 1982ರ ಜನವರಿ 18ರಂದು ಜವಳಿ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಬಹಳಷ್ಟು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಪರೇಲ್, ಲಾಲ್‌ಬಾಗ್‌ನ ಗಿರಣಿಗಳಲ್ಲಿ ಗುಮಾಸ್ತರು, ಜಾಬರರು (ಕೂಲಿಗಳ ಮೇಸ್ತ್ರಿಗಳು), ಕ್ಯಾಂಟೀನಿನವರು ಇದ್ದರು. ಎಸ್.ಎಸ್.ಸಿ. ಮುಗಿಸಿ ಗಿರಣಿಗೆ ಸೇರಿದ್ದನ್ನು ಹಿಂದಿನ ವರದಿಗಳಲ್ಲಿ ಹೆಮ್ಮೆಯಿಂದ ಬರೆದಿದ್ದರು. ಕೆಲಸ ಹೋದದ್ದನ್ನು ಬಿಟ್ಟುಬಿಡೋಣ, ಅವರಿಗೆ ಅವಮಾನವಾದೀತು ಎಂದು ಸಂಘದಲ್ಲಿ ಕೆಲವರ ಮಾತು. ನಾನು ಒಬ್ಬೊಬ್ಬರ ಮನೆಗೂ ಹೋಗಿ, ಬರೆದದ್ದನ್ನು ಓದಿ ತೋರಿಸಿದೆ. ಬೇಡವೆಂದವರದನ್ನು ಕೈಬಿಟ್ಟೆ. ಹೆಚ್ಚಿನವರು ಹಾಕಿ ಎಂದರು. ಒಬ್ಬನ ಬಗ್ಗೆ ‘ಗಿರಣಿ ನಿಂತಿದೆ, ಈಗ ದಾದರಿನಲ್ಲಿ ತರಕಾರಿ ಮಾರುತ್ತಾರೆ’ ಎಂದು ಅಚ್ಚಾದ ಸಾಲನ್ನು ನೋಡಿ, ಹೋಟೆಲ್ ನಡೆಸುತ್ತಿದ್ದ ಅವನ ಸಹಪಾಠಿ ದಿನವೂ ಅವನಿಂದಲೇ ತರಕಾರಿ ತರಿಸಿಕೊಳ್ಳಲು ಆರಂಭಿಸಿದ. ಅಂದಿನಿಂದ, ಸಂಬಂಧಪಟ್ಟವರಿಗೆ ಓದಿ ತೋರಿಸದೆ ಯಾವ ಸಾಲನ್ನೂ ಅಚ್ಚಿಗೆ ಕೊಟ್ಟಿಲ್ಲ. ಸಾವಿನ ಸುದ್ದಿಯಾದರೆ ಮನೆಯವರ ಬಾಯಿಂದ ಕೇಳಿದ ಮೇಲಷ್ಟೇ.

ಹೆಸರುಗಳ ಕ್ರಮ ತರಗತಿ ಬಿಟ್ಟ ವರ್ಷದ್ದು, ಅದರೊಳಗೆ ಅಕಾರಾದಿ. ಹುದ್ದೆ ನೋಡಿ ಮೇಲೆ ಕೆಳಗೆ ಮಾಡಲಿಲ್ಲ. ಮಹಾರಾಷ್ಟ್ರದಲ್ಲಿ 1975ರಲ್ಲಿ ಎಸ್.ಎಸ್.ಸಿ. ಹತ್ತನೆಯ ತರಗತಿಗೆ ಬಂತು, ಅದಕ್ಕೂ ಹಿಂದಿನವರು ಹನ್ನೊಂದನೆಯವರು; ಈ ಎರಡು ಗುಂಪನ್ನು ಬೇರೆಯಾಗಿಯೇ ಇಟ್ಟೆ. ‘ಸುಪ್ರಸಿದ್ಧ’, ‘ಕೊಡುಗೈ ದಾನಿ’ ಎಂಬ ವಿಶೇಷಣಗಳು ಯಾರಿಗೂ ಇಲ್ಲ.

ಮೊದಲು ಸೈಕ್ಲೋಸ್ಟೈಲ್ ಮಾಡುತ್ತಿದ್ದೆವು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಕನ್ನಡ ಬರೆಯುವುದಕ್ಕೆ ತಾಳ್ಮೆ ಬೇಕು. ಅಕ್ಷರದ ಸುತ್ತು ಪೂರ್ತಿ ಕೂಡಿಕೊಂಡರೆ ನಡುವಿನ ಮೇಣ ಬಿದ್ದುಹೋಗಿ, ಅಚ್ಚಿನಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಅನುಸ್ವಾರ, ಠಕಾರಗಳನ್ನು ಕೂದಲೆಳೆಯಷ್ಟು ಬಿಡಿಸಿ ಬರೆಯಲು ಹತ್ತನೆಯ ತರಗತಿಯ ಹುಡುಗನೊಬ್ಬ ಕಲಿತುಕೊಂಡ. ಮುಂದೆ ಅವನು ಬೋರ್ಡ್ ಬರೆಯುವ ಪೇಂಟರ್ ಆದ. ನಂತರ ಅಚ್ಚುಮೊಳೆ, ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ. ಕರಡು ತಿದ್ದುವುದು ಕೊನೆಯವರೆಗೂ ಹುಡುಗರ ಕೆಲಸವಾಗಿತ್ತು. ಕಾಗುಣಿತ ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಗಲಿಲ್ಲ.

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷೇಧವಾಯಿತು. ಅದು ಆಗಲೇಬೇಕಾದ ಕಾನೂನು. ಅಷ್ಟು ಹೊತ್ತಿಗಾಗಲೇ ಊರಿನಲ್ಲಿಯೇ ಹೈಸ್ಕೂಲು, ಕಾಲೇಜುಗಳಾಗಿ, ಎಳೆಯ ಹುಡುಗರು ಬರುವುದು ಕಡಿಮೆಯಾಗಿತ್ತು. ನಮ್ಮ ಶಾಲೆ ಕೆಲವು ವರ್ಷಗಳ ನಂತರ ಮುಚ್ಚಿತು. ಪುಸ್ತಿಕೆ ಮುಚ್ಚಲಿಲ್ಲ, ಚಟುವಟಿಕೆಯ ಭಾಗ ಹೋಗಿ ಹಳೆ ವಿದ್ಯಾರ್ಥಿಗಳ ಭಾಗ ಉಳಿಯಿತು. ಈಗ ಮೊಬೈಲಿಗೇ ಕಳುಹಿಸುತ್ತೇನೆ, ಓದಲು ಕಷ್ಟವಾಗುವವರಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅಂಚೆಯಲ್ಲಿ ಹಾಕುತ್ತೇನೆ. ಗುಂಪಿನಲ್ಲಿ ಬರುವ ಶುಭಾಶಯಗಳು ಸುದ್ದಿಯಲ್ಲ, ಆದ್ದರಿಂದ ಇಂದಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿಯೇ ಕೇಳಬೇಕು.

ರಿಜಿಸ್ಟರುಗಳ ಪ್ರತಿ ಪುಟದ ಫೋಟೋ ತೆಗೆದಿಟ್ಟಿದ್ದೇನೆ. ಪಿಂಚಣಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಕಿನ ದಾಖಲೆ ಬೇಕೆಂದು, ಕಳೆದುಹೋದ ಎಲ್.ಸಿ.ಯ (ಶಾಲೆ ಬಿಟ್ಟ ಪ್ರಮಾಣಪತ್ರದ) ನಕಲಿಗಾಗಿ ಈಗಲೂ ಜನ ಕೇಳುತ್ತಾರೆ. ಅವರ ಕ್ರಮಸಂಖ್ಯೆ ಹುಡುಕಿಕೊಟ್ಟು, ಯಾವ ಕಚೇರಿಗೆ ಅರ್ಜಿ ಹಾಕಬೇಕೆಂದು ತಿಳಿಸುತ್ತೇನೆ. ಜೊತೆಗೆ ಪಕ್ಕದ ಬೆಂಚಿನವನು ಯಾರೆಂದು ಕೇಳುತ್ತೇನೆ. ‘ಕಣ್ಣು ನೋವು’ ಎಂದು ಶಾಲೆ ಬಿಟ್ಟವರು ಕಳೆದ ಮಳೆಗಾಲದಲ್ಲಿ ಹೀಗೆಯೇ ಸಿಕ್ಕಿದರು. ಬೈಂದೂರಿನ ಹತ್ತಿರ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಈ ವರ್ಷದ ಸುದ್ದಿಯಲ್ಲಿ ಅವರ ಹೆಸರಿದೆ.