ಮಜಲ್‌ಲೋಡರ್‌ನಲ್ಲಿ ಜಿಂಕೆ ಬೇಟೆ: ಗುಂಡು, ಮದ್ದು ಹೊಂದಿಸುವ ಬಗೆ

ಅಮೆರಿಕದಲ್ಲಿ ಪರವಾನಗಿ ಪಡೆದು ಮಜಲ್‌ಲೋಡರ್ (ಬಾಯಿಯ ಕಡೆಯಿಂದ ಮದ್ದು, ಗುಂಡು ತುಂಬುವ ಬಂದೂಕು) ಹಿಡಿದು ವೈಟ್‌ಟೇಲ್ ಜಿಂಕೆ ಬೇಟೆಗೆ ಹೊರಡುವವರು ಮೊದಲು ನೋಡಬೇಕಾದ್ದು ನಳಿಗೆಯ ಒಳತಿರುವು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರು. .50 ಕ್ಯಾಲಿಬರ್ (ಅರ್ಧ ಇಂಚು ಒಳವ್ಯಾಸದ) ಇನ್‌ಲೈನ್‌ಗಳಲ್ಲಿ, ಅಂದರೆ ಮದ್ದಿನ ನೇರ ಹಿಂದಿನಿಂದ ಕಿಡಿ ತಾಗುವ ಹೊಸ ಮಾದರಿಗಳಲ್ಲಿ, ಸಾಮಾನ್ಯವಾಗಿ 28 ಇಂಚಿಗೆ ಒಂದು ಸುತ್ತು. ಅದಕ್ಕೆ 250 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ) ಆಸುಪಾಸಿನ ಸ್ಯಾಬೊ ಗುಂಡು, ಅಂದರೆ ಪ್ಲಾಸ್ಟಿಕ್ ಕವಚದಲ್ಲಿ ಕೂತ ಗುಂಡು, ಒಪ್ಪುತ್ತದೆ. 66 ಇಂಚಿಗೆ ಒಂದು ಸುತ್ತಿನ ಹಳೇ ಮಾದರಿಗೆ ಬಟ್ಟೆ ಸುತ್ತಿದ .490 ಇಂಚಿನ ಸೀಸದ ಉಂಡೆಯೇ ಸರಿ.

ಕರಿಮದ್ದಾಗಲಿ, ಅದರ ಬದಲಿಗೆ ಬಳಸುವ ಪೈರೊಡೆಕ್ಸ್ ಆಗಲಿ, ತಕ್ಕಡಿಯಲ್ಲಿ ತೂಗದೆ ಅಳತೆ ಕೊಳವೆಯಲ್ಲಿ ಅಳೆಯಿರಿ. ಸ್ಯಾಬೊಗೆ ಕೊಳವೆಯ 80 ಗ್ರೇನ್ ಗುರುತಿನಿಂದ ಶುರುಮಾಡಿ, ಐದೈದು ಏರಿಸುತ್ತ, ಪ್ರತಿ ಅಳತೆಗೂ ಮೂರು ಗುಂಡು ಹಾರಿಸಿ ನೋಡಿ. ಬಹುಪಾಲು ಬಂದೂಕಿಗೆ 100 ಧಾರಾಳವಾಯಿತು; 150ರ ಆಸೆ ಬೇಡ, ಒದೆತ ಹೆಚ್ಚಿ ಗುರಿ ಚದುರುತ್ತದೆ. ಬಂದೂಕಿನ ಕೈಪಿಡಿಯ ಮಿತಿ ದಾಟಲೇಬೇಡಿ. ಸ್ಮೋಕ್‌ಲೆಸ್ ಮದ್ದು (ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದು) ಹಾಕಿದರೆ ನಳಿಗೆ ಸಿಡಿದು ಕೈಯೇ ಹೋಗಬಹುದು.

ಗುಂಡು ಮದ್ದಿಗೆ ತಾಗಿ ಕೂರಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬೀತು. ಸರಿಯಾಗಿ ಕೂತಾಗ, ಗುಂಡು ಒಳತಳ್ಳುವ ಗಜಕಡ್ಡಿಯ ಮೇಲೆ ನಳಿಗೆ ಬಾಯಿಯ ಮಟ್ಟಕ್ಕೆ ಗೆರೆ ಎಳೆದಿಡಿ. ಮುಂದೆ ಆ ಗೆರೆ ನಳಿಗೆ ಬಾಯಿಂದ ಮೇಲೇ ನಿಂತರೆ ಒಳಗೆ ಮಸಿ ಕಟ್ಟಿದೆ, ಇಲ್ಲವೇ ಎರಡು ಸಲ ತುಂಬಿದ್ದೀರಿ. ಪ್ರತಿ ಹೊಡೆತಕ್ಕೂ ಒದ್ದೆ ಬಟ್ಟೆ, ಬಳಿಕ ಒಣಬಟ್ಟೆ ಆಡಿಸಿ.

ಹಾರಿದ ಸ್ಯಾಬೊ ಹೆಕ್ಕಿ ನೋಡಿ: ತಳ ಕರಗಿದ್ದರೆ ಅಥವಾ ಹರಿದಿದ್ದರೆ ಮದ್ದು ಇಳಿಸಿ, ಇಲ್ಲವೇ ಬೇರೆ ಸ್ಯಾಬೊ ಹಾಕಿ.