ನಾಲ್ಕು ಸಲ ಕೊಯ್ದ ಕುತ್ತಿಗೆ: ನನ್ನ ಅನುಭವ

ಜಗಳೂರು ಕಡೆಯ ಏಳು ವರ್ಷದ ಹುಡುಗಿ. ಕುತ್ತಿಗೆಯ ಎಡಗಡೆ, ಥೈರಾಯ್ಡ್ ಪಕ್ಕ, ವರ್ಷಕ್ಕೆರಡು ಸಲ ಊದಿ ಕೀವು ತುಂಬುತ್ತಿತ್ತು. ನಾಲ್ಕು ಸಲ ಕೊಯ್ದು ತೆಗೆದದ್ದಾಗಿತ್ತು. ಕೊನೆಯದು ನಾನೇ ಕೊಯ್ದದ್ದು, ಹಾಗಾಗಿ ಬೇರೆಯವರನ್ನು ಬೈಯುವ ಹಾಗಿಲ್ಲ.

ಐದನೇ ಸಲ ಬಂದಾಗ ತಾಯಿ, "ಇನ್ನೆಷ್ಟು ಸಲ ಕೊಯ್ತೀರಿ ಸಾರ್?" ಎಂದರು. ಆಗ ಬೇರಿಯಂ (ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ದ್ರವ) ಕುಡಿಸಿ ಎಕ್ಸ್-ರೇ ತೆಗೆಸುವ ಬುದ್ಧಿ ಬಂತು. ಅದರಲ್ಲೂ ಅವಸರ. ಬಾವು ಇಳಿಯುವ ಮೊದಲೇ ತೆಗೆಸಿದೆ, ಏನೂ ಕಾಣಲಿಲ್ಲ. ಗಂಟಲಿನಿಂದ ಕೀವಿನ ಜಾಗಕ್ಕೆ ಒಳದಾರಿ ಇದ್ದರೂ ಊದಿಕೊಂಡಾಗ ಮುಚ್ಚಿರುತ್ತೆ ಅಲ್ವಾ! ಆರು ವಾರ ಬಿಟ್ಟು ತೆಗೆಸಿದರೆ ಪೈರಿಫಾರ್ಮ್ ಫಾಸಾದ (ಗಂಟಲಿನ ಕೆಳಗೆ, ಧ್ವನಿಪೆಟ್ಟಿಗೆಯ ಪಕ್ಕದ ಗುಳಿ) ತುದಿಯಿಂದ ದಾರದಂಥ ಗೆರೆ ಇಳಿದಿತ್ತು. ಹುಟ್ಟಿನಿಂದ ಬಂದ ಸೈನಸ್, ಅಂದರೆ ಕೊಳವೆಯಂಥ ಕಿರುದಾರಿ. ಇಂಥವು ಹತ್ತರಲ್ಲಿ ಒಂಬತ್ತು ಎಡಗಡೆಯೇ. ನನಗೆ ಮೊದಲೇ ಹೊಳೆಯಬೇಕಿತ್ತು.

ಹೊರಗಿಂದ ತೆಗೆಯೋಣವೆಂದರೆ ಹಳೇ ಗಾಯಗಳ ನಡುವೆ ದನಿಗೆ ಬೇಕಾದ ರಿಕರೆಂಟ್ ನರ ಹುಡುಕಬೇಕು. ಅರ್ಧ ಥೈರಾಯ್ಡೂ ಹೋಗಬಹುದು. ಖರ್ಚು 60-70 ಸಾವಿರ. ಅವರಿಗಿರುವುದು ಎರಡೆಕರೆ ಮೆಕ್ಕೆಜೋಳ. ಒಳಗಿಂದಲೇ ಟ್ರೈಕ್ಲೋರೋ ಅಸಿಟಿಕ್ ಆಸಿಡ್ ಹಚ್ಚಿ ಸುಟ್ಟು ದಾರಿ ಮುಚ್ಚಿಸುತ್ತೇನೆ ಎಂದೆ. ಹಿರಿಯ ಸರ್ಜನ್ ಒಬ್ಬರು ನಕ್ಕರು: "ಅಲ್ಲಪ್ಪಾ, ಕಿವಿ ತಮಟೆಗೆ ಹಚ್ಚೋದನ್ನ ಗಂಟಲಿಗೆ ಹಚ್ತೀಯಾ?"

ಸಸ್ಪೆನ್ಷನ್ (ಗಂಟಲನ್ನು ತೆರೆದು ಹಿಡಿಯುವ ಸಾಧನ) ಹಾಕಿ ಸ್ಕೋಪ್ (ದುರ್ಬೀನು) ಬಿಟ್ಟರೆ ಆ ದಾರಿಯ ತೂತೇ ಇಲ್ಲ! ಇಪ್ಪತ್ತು ನಿಮಿಷ ಬೆವರಿದೆ. ಲ್ಯಾರಿಂಕ್ಸ್ (ಧ್ವನಿಪೆಟ್ಟಿಗೆ) ಇನ್ನಷ್ಟು ಮೇಲೆತ್ತಿ, ಹೊರಗಿಂದ ಕುತ್ತಿಗೆ ಒತ್ತಿಸಿದಾಗ ಒಂದು ಗುಳ್ಳೆ ಎದ್ದಿತು. ಅಲ್ಲೇ ಇತ್ತು ಕಳ್ಳ. 40 ಪರ್ಸೆಂಟ್ ಆಸಿಡ್, ಬೆಳ್ಳಗಾಗುವವರೆಗೆ, ಮೂರು ಸಲ. ಹನಿ ಜಾರದ ಹಾಗೆ ಹತ್ತಿ ಸುತ್ತುವುದರಲ್ಲೇ ಎಲ್ಲ ಇರೋದು. ಅದನ್ನು ಇಲ್ಲಿ ಬರೆಯಲ್ಲ, ಥಿಯೇಟರ್‌ಗೆ ಬಂದವರಿಗೆ ತೋರಿಸುತ್ತೇನೆ. ಮರುದಿನ ಮನೆಗೆ ಕಳಿಸಿದೆ. ಬಿಲ್ 18 ಸಾವಿರದ ಆಸುಪಾಸು.

ಎರಡನೇ ಮಗುವಿನಲ್ಲಿ ಸೋತೆ. ಹೊಳಲ್ಕೆರೆ ಕಡೆಯ ಹುಡುಗ, ಮೂರೇ ತಿಂಗಳಿಗೆ ಮತ್ತೆ ಕೀವು. ಹೆದರಿಕೊಂಡು ಸುಮ್ನೆ ತೂತಿನ ಬಾಯಿಗಷ್ಟೇ ಸವರಿದ್ದೆ, ಒಳಕ್ಕೆ ಇಳಿಸಿರಲಿಲ್ಲ. ಎರಡನೇ ಸಲ ದುಡ್ಡು ಕೇಳಲು ಬಾಯಿ ಬರಲಿಲ್ಲ. ಏಳೆಂಟು ಸಾವಿರ ನನ್ನ ಕೈಯಿಂದಲೇ ಹೋಯಿತು. ಇನ್ನೊಬ್ಬನ ದನಿ ಮೂರು ವಾರ ಗೊಗ್ಗರಾಗಿತ್ತು. ಅಷ್ಟೂ ದಿನ ನನಗೆ ನಿದ್ದೆ ಇಲ್ಲ. ಈಗ ಆರೆಂಟು ವಾರಕ್ಕೆ ಎಲ್ಲರಿಗೂ ಮತ್ತೆ ಸ್ಕೋಪ್ ಹಾಕಿ ನೋಡುತ್ತೇನೆ.

ಬೇರಿಯಂ ಉಗುಳಿದ ಹಠಮಾರಿಯೊಬ್ಬನಿಗೆ ದುರ್ಗಮ್ಮನ ಜಾತ್ರೆಯ ಪೀಪಿ ಊದಿಸುತ್ತ ಸಿಟಿ ಸ್ಕ್ಯಾನ್ ತೆಗೆಸಿದೆವು. ಗಾಳಿ ಹೊಕ್ಕು ದಾರಿ ಕಪ್ಪಗೆ ಕಂಡಿತು! ಮುಂದಿನ ಹುಡುಗಿ ಮಾತ್ರ ನಕ್ಕು ಅಲುಗಾಡಿ ಸ್ಕ್ಯಾನ್ ಪೂರ್ತಿ ಹಾಳು ಮಾಡಿದಳು. ಇದೇ ಹುರುಪಿನಲ್ಲಿ ಒಂದು ಥೈರೋಗ್ಲಾಸಲ್ ಸಿಸ್ಟ್‌ನ (ಕುತ್ತಿಗೆಯ ನಡುವೆ ಬರುವ, ಹುಟ್ಟಿನಿಂದಿರುವ ನೀರುಗಂಟು) ನೀರೆಳೆದು ಆಲ್ಕೋಹಾಲ್ ಬಿಟ್ಟೆ. ನಾಲ್ಕು ತಿಂಗಳಿಗೆ ಮತ್ತೆ ತುಂಬಿತು. ಕೊನೆಗೆ ಗಂಟಿನ ಜೊತೆ ಹಯಾಯ್ಡ್ ಮೂಳೆಯ (ನಾಲಿಗೆ ಬುಡದ ಕೆಳಗಿನದು) ನಡುಭಾಗವನ್ನೂ ತೆಗೆಯುವ ಸಿಸ್ಟ್ರಂಕ್ ಆಪರೇಷನ್ ಮಾಡಿದೆ. 1920ರ ಆಪರೇಷನ್, ಇನ್ನೂ ಗಟ್ಟಿ.

ಈವರೆಗೆ ಒಂಬತ್ತೋ ಹತ್ತೋ ಮಕ್ಕಳು. ಒಬ್ಬನಿಗಷ್ಟೇ ಎರಡು ಸಲ ಬೇಕಾಯಿತು. ಜಗಳೂರಿನ ಹುಡುಗಿ ಈಗ ಹೈಸ್ಕೂಲು. ನಕ್ಕಿದ್ದ ಹಿರಿಯರು ಹೋದ ವಾರ ಹರಿಹರದ ಮಗುವೊಂದನ್ನು ಕಳಿಸಿದ್ದಾರೆ, ಚೀಟಿಯಲ್ಲಿ "ನಿನ್ನ ಆಸಿಡ್ ಕೇಸು" ಅಂತ ಬರೆದು. ಬಾವು ಇನ್ನೂ ಇಳಿದಿಲ್ಲ. ಆರು ವಾರ ಬಿಟ್ಟು ಬನ್ನಿ ಎಂದಿದ್ದೇನೆ.